ಬೀಗರ ಬಚ್ಚಲು

ತಳಕಲ್ಲು ಊರಿನ ಆ ಹೊಸ ಮನೆಗೆ ಪೈಪು ಜೋಡಿಸಿದವನು ನಾನೇ. ಹಾಗಾಗಿ ಬಚ್ಚಲು ನಾರುತ್ತಿದೆ ಎಂಬ ಫೋನೂ ನನಗೇ ಬಂತು. ಮರುದಿನ ಆ ಮನೆಯ ಮಗಳ ನಿಶ್ಚಯಕ್ಕೆ ಕುಷ್ಟಗಿಯಿಂದ ಬೀಗರು ಬರುವವರಿದ್ದರು.

ಮನೆಯ ಅಜ್ಜಿ ಸೊಂಟದಿಂದ ಕೀಲಿಕೈ ತೆಗೆದು ಬಚ್ಚಲಿನ ಬಾಗಿಲು ತೆರೆದರು. ಒಳಗೆ ಗಬ್ಬು ವಾಸನೆ. ಅದರ ನಡುವೆ ಊದಿನಕಡ್ಡಿ ಬೇರೆ.

“ಬೀಗರು ಬರೋತನಕ ಹೊಸಾದ ಇರ್ಲಿ ಅಂತ ಒಂದು ಹನಿ ನೀರು ಬೀಳಿಸಿಲ್ಲಪಾ. ನಾವೆಲ್ಲ ಹಿತ್ತಲ ಬಚ್ಚಲಕ್ಕ ಹೋಗ್ತೀವಿ. ಆದ್ರೂ ನಾರತೈತಿ ಅಂದ್ರ ನಿನ್ನ ಕೆಲಸಾನ ಛಲೋ ಇಲ್ಲ.”

“ನೀರು ಬೀಳದಿದ್ದಕ್ಕ ನಾರತೈತ್ರಿ ಅಮ್ಮಾ” ಎಂದೆ. ಜಾಲರಿಯ ಕೆಳಗಿನ ಬಟ್ಟಲಲ್ಲಿ ನೀರು ನಿಂತಿದ್ದರೆ ಗಟಾರದ ಗಾಳಿ ಮೇಲೆ ಬರುವುದಿಲ್ಲ. ಇಲ್ಲಿ ಅದು ಪೂರ್ತಿ ಒಣಗಿತ್ತು. ಜಾಲರಿ ಎತ್ತಿ ತೋರಿಸಿ, ಒಂದು ಕೊಡ ನೀರು ಸುರಿದು, ಕಿಟಕಿ ತೆಗೆದೆ. ಚಹಾ ಕುಡಿಯುವಷ್ಟರಲ್ಲಿ ವಾಸನೆ ಹೋಯಿತು.

“ಇನ್ನ ದಿನಾ ಇಲ್ಲೇ ಜಳಕ ಮಾಡ್ರಿ” ಎಂದೆ. ಅಜ್ಜಿ ಹೂಂ ಎಂದು ತಲೆಯಾಡಿಸಿದರು.

ಕೊಳೆಯಾದ ಕೈ ತೊಳೆಯಲು ಅಲ್ಲಿಯ ನಲ್ಲಿ ಮುಟ್ಟಿದ್ದೇ ತಡ, ಅಡ್ಡ ಬಂದರು. “ಅಲ್ಲಿ ಬ್ಯಾಡೋ ಯಪ್ಪಾ, ಹಿತ್ತಲಕ್ಕ ಹೋಗು!”

ನಾನು ಕೈ ತೊಳೆದು ಬರುವಷ್ಟರಲ್ಲಿ ನೆಲ ಒರೆಸಿ, ಬಾಗಿಲಿಗೆ ಮತ್ತೆ ಕೀಲಿ ಹಾಕಿದ್ದರು. ಬೀಗರು ನಾಳೆಯೇ ಬರುತ್ತಾರಲ್ಲ, ಅಲ್ಲಿಯವರೆಗೆ ಬಟ್ಟಲಿನ ನೀರು ಆರುವುದಿಲ್ಲ ಎಂದುಕೊಂಡು ಸಾಮಾನಿನ ಚೀಲ ಹೆಗಲಿಗೇರಿಸಿದೆ.