ಕಚಗುಳಿಯಕ್ಕ
ಕಚಗುಳಿಯಕ್ಕ ತೀರಿಕೊಂಡಳು. ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರಗಳಲ್ಲಿ ಜನರ ಪಾದ ಪರೀಕ್ಷಿಸುತ್ತಿದ್ದವಳಿಗೆ ಬೀದಿಯವರು ಇಟ್ಟ ಹೆಸರದು. ಸಾವಿನ ಮನೆಗೆ ಹೋದರೂ ಇವಳು ಹೆಣದ ಮುಖಕ್ಕಿಂತ ಮೊದಲು ಅಂಗಾಲು ನೋಡುತ್ತಾಳೆಂದು ಗೆಳತಿ ದರ್ಜಿಯಮ್ಮ ರೇಗಿಸುತ್ತಿದ್ದಳು. ಮೇಸ್ತ್ರಿಯಾಗಲಿ, ಮಾಸ್ತರಾಗಲಿ, ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಪಾದಕ್ಕೆ ತಾಗಿಸಿ "ಗೊತ್ತಾಯ್ತಾ?" ಎನ್ನುವಳು. ನಡುನಡುವೆ ತಾಗಿಸದೆಯೂ ಕೇಳುವಳು. ಸ್ಪರ್ಶ ಸತ್ತ ಕಾಲಿನವರೇ ಎಲ್ಲರಿಗಿಂತ ಬೇಗ "ಹೂಂ ಕಣಮ್ಮಾ" ಎನ್ನುತ್ತಿದ್ದರು. "ಹಾಗಾದ್ರೆ ಮುಟ್ಟಿದ್ಯಾರಪ್ಪಾ? ನಾನಂತೂ ಅಲ್ಲ" ಎಂದು ಅವಳು ಮೆಲ್ಲಗೆ ಹೇಳಿದರೆ ಕೋಣೆಯೇ ತಣ್ಣಗಾಗುತ್ತಿತ್ತು. "ನಿನಗೂ ಸಕ್ಕರೆ ಇದೆಯಲ್ಲೇ, ನಿನ್ನ ಕಾಲು ಯಾರು ನೋಡ್ತಾರೆ?" ಎಂದು ದರ್ಜಿಯಮ್ಮ ಕೇಳಿದರೆ, "ನನ್ನ ಕಾಲು ನಂಗೆ ಗೊತ್ತಿಲ್ವೇನೇ, ಸುಮ್ನಿರು" ಎಂದು ಬಾಯಿ ಮುಚ್ಚಿಸುವಳು. ಚಪ್ಪಲಿ ತೂರಿ ಬಂದ ಮೊಳೆ ಹಿಮ್ಮಡಿಗೆ ನಾಟಿದ್ದು ಅವಳಿಗೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಮೈಯೆಲ್ಲ ನಂಜೇರಿತ್ತು. ಆಸ್ಪತ್ರೆಯಲ್ಲಿ ಕೊನೆಯ ಸಂಜೆ ದರ್ಜಿಯಮ್ಮ ಅವಳ ತಲೆದೆಸೆಯಲ್ಲಿ ಕೈಕಟ್ಟಿ ಕುಳಿತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಕಚಗುಳಿಯಕ್ಕ ಮುಚ್ಚಿದ ಕಣ್ಣು ತೆರೆಯದೆ "ಹೂಂ, ಗೊತ್ತಾಯ್ತು" ಎಂದಳು. ಸಣ್ಣಗೆ ನಕ್ಕು, ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.