ರೇಡಿಯೇಟರೂ ನಮ್ಮತ್ತೆಯೂ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಉಷ್ಣದ ಪಾಠ ಹೇಳಿದ ನಾನು, ನಮ್ಮ ಕಾರಿನ ಬಾನೆಟ್ ಎತ್ತುವ ಮುನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ. ಕರಿಹಲಗೆಯ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬಿಸಿನೀರು ಎತ್ತ ಹೋಗುತ್ತದೆ, ತಣಿದ ನೀರು ಎತ್ತಲಿಂದ ಬರುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬಾನೆಟ್ಟಿನ ಒಳಗೆ ಮಾತ್ರ ಯಾವ ಪುಣ್ಯಾತ್ಮನೂ ಬಾಣದ ಗುರುತು ಹಾಕಿರಲಿಲ್ಲ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಕಾರು ನಮ್ಮ ಮನೆಗೆ ಬಂದದ್ದು ಮೂವರು ಯಜಮಾನರ ಕೈ ದಾಟಿದ ಮೇಲೆ. ಓಡುತ್ತಿತ್ತು, ಇಲ್ಲ ಎನ್ನಲಾರೆ. ಆದರೆ ವಿಪರೀತ ನೀರು ಕುಡಿಯುತ್ತಿತ್ತು. ಬೆಳಗಾದರೆ ನಾನು ಲುಂಗಿ ಎತ್ತಿಕಟ್ಟಿ, ಚೊಂಬು ಹಿಡಿದು, ಸೊಂಟ ಬಗ್ಗಿಸಿ ರೇಡಿಯೇಟರಿಗೆ ನೀರು ಹುಯ್ಯುವುದನ್ನು ನೋಡಿ ನನ್ನ ಹೆಂಡತಿ ಸರ್ವಮಂಗಳ, “ಈ ಮನೇಲಿ ಕೇಳದೇನೇ ನೀರು ಸಿಗೋದು ನಿಮ್ಮ ಕಾರಿಗೊಂದೇ ಕಣ್ರೀ” ಎನ್ನುತ್ತಿದ್ದಳು. ತುಳಸಿಗೆ ನೀರು ಹಾಕುವುದನ್ನು ಮರೆತರೂ ನಾನು ಇದಕ್ಕೆ ಮರೆಯುತ್ತಿರಲಿಲ್ಲವಾದ್ದರಿಂದ ಆಕೆಯ ದೂರಿನಲ್ಲಿ ಸತ್ಯವಿತ್ತು.

ನಿಜ ಹೇಳಬೇಕೆಂದರೆ ರೇಡಿಯೇಟರಿನಷ್ಟು ನಿಗರ್ವಿಯಾದ ವಸ್ತು ಕಾರಿನಲ್ಲಿ ಇನ್ನೊಂದಿಲ್ಲ. ಎಂಜಿನ್ನಿಗೆ ಸದ್ದಿದೆ, ದೀಪಕ್ಕೆ ಬೆಳಕಿದೆ, ಹಾರನ್ನಿನ ವಿಷಯ ಕೇಳುವುದೇ ಬೇಡ. ಇದಕ್ಕೆ ಏನೂ ಇಲ್ಲ. ಎಂಜಿನ್ನು ಪೆಟ್ರೋಲು ಸುಟ್ಟು ಕೆಂಡವಾಗುತ್ತದೆ. ಅದರ ಮೈಯ ಒಳಗಿನ ಸಂದುಗಳಲ್ಲಿ ಸುತ್ತುವ ನೀರು ಆ ಬಿಸಿಯನ್ನು ಹೊತ್ತುಕೊಂಡು ಮುಂದುಗಡೆ ನಿಂತಿರುವ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಸಣ್ಣ ಸಣ್ಣ ನಳಿಗೆಗಳಲ್ಲಿ ಹಂಚಿಹೋಗಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ನಳಿಗೆಗಳ ಸುತ್ತ ತೆಳ್ಳನೆಯ ತಗಡಿನ ಪದರಗಳು. ಎದುರಿನಿಂದ ನುಗ್ಗುವ ಗಾಳಿಯೂ ಹಿಂದಿನ ಫ್ಯಾನು ಎಳೆಯುವ ಗಾಳಿಯೂ ಆ ಪದರಗಳ ನಡುವೆ ಹಾದು ಬಿಸಿಯನ್ನು ಒಯ್ಯುತ್ತವೆ. ತಣಿದ ನೀರು ಮತ್ತೆ ಎಂಜಿನ್ನಿಗೆ. ಮಗ್ಗಿ ಒಪ್ಪಿಸುವಷ್ಟು ಸಲೀಸಾಗಿ ಇದನ್ನು ನಾನು ಮಕ್ಕಳಿಗೆ ಬರೆಸುತ್ತಿದ್ದೆ. ಉಷ್ಣ ಸಾಗುವುದು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಯಲ್ಲಿ ತಾನೆ? ರೇಡಿಯೇಟರ್ ಎಂಬ ಹೆಸರಿನಲ್ಲಿ ವಿಕಿರಣ ಇದೆಯೇ ಹೊರತು ಅದು ಮಾಡುವ ಕೆಲಸದಲ್ಲಿ ವಿಕಿರಣದ ಪಾಲು ಬಹಳ ಕಡಿಮೆ, ಮುಖ್ಯವಾಗಿ ಅದು ಗಾಳಿಯನ್ನೇ ನಂಬಿಕೊಂಡಿದೆ ಎಂದು ಹೇಳಿ ಮಕ್ಕಳನ್ನು ದಂಗುಬಡಿಸುತ್ತಿದ್ದೆ. ಗಾಳಿಯನ್ನೇ ನಂಬಿಕೊಂಡಿದೆ ಎಂಬ ಆ ಮಾತನ್ನು ಪಾಠ ಹೇಳಿದ ಮೇಷ್ಟರೇ ಮರೆಯುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು!

ನನ್ನ ವಿದ್ಯೆ ಮುಗಿಯುವ ಕಡೆಯಿಂದ ಮಹದೇವಣ್ಣನ ವಿದ್ಯೆ ಶುರುವಾಗುತ್ತಿತ್ತು. ಬನ್ನಿಮಂಟಪದ ಕಡೆ ತಗಡಿನ ಶೆಡ್ಡಿನಲ್ಲಿ ಆತ ರೇಡಿಯೇಟರು ರಿಪೇರಿ ಮಾಡುತ್ತಿದ್ದ. ಕಾರಿನಿಂದ ಬಿಚ್ಚಿ ತೆಗೆದ ರೇಡಿಯೇಟರಿನ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಮಗುವಿಗೆ ಸ್ನಾನ ಮಾಡಿಸುವವರ ಹಾಗೆ ಬಗ್ಗಿ ನೋಡುತ್ತಿದ್ದ. ಮೊದಲ ಸಲ ನಮ್ಮದನ್ನು ನೋಡಿದವನೇ ನನ್ನನ್ನು ಕರೆದು ನಳಿಗೆಗಳ ಬಾಯಿ ತೋರಿಸಿದ.

“ಬೋರ್‌ವೆಲ್ ನೀರು ಹುಯ್ದು ಹುಯ್ದು ಒಳಗೆಲ್ಲ ಉಪ್ಪು ಕಟ್ಕಂಡದೆ ಮೇಷ್ಟ್ರೇ. ನಿಮ್ಮನೆ ಹಂಡೆ ಒಳಗೆ ಕೈ ಆಡಿಸಿ ನೋಡಿ, ಅಂಗೇ ಇರ್ತದೆ. ನೀರು ಓಡಾಡಕ್ಕೆ ದಾರೀನೇ ಇಲ್ದಿದ್ರೆ ಅದು ಎಂಗೆ ತಣ್ಣಗಾದಾತು?”

ಗಡುಸು ನೀರಿನ ಪಾಠವನ್ನೂ ನಾನೇ ಮಾಡುತ್ತಿದ್ದವನು. ಅವನು ತೆಳ್ಳನೆಯ ಕಂಬಿ ತೂರಿಸಿ ಒಂದೊಂದೇ ನಳಿಗೆ ಶುಚಿ ಮಾಡಿದ, ಸೋರುವ ಕಡೆ ಬೆಸುಗೆ ಹಾಕಿದ. ಬಿಸಿಯಿದ್ದಾಗ ಮುಚ್ಚಳ ಮುಟ್ಟಬಾರದೆಂದೂ ತಾಕೀತು ಮಾಡಿದ. “ಕೂಗ್ತಿರೋ ಕುಕ್ಕರ್ ಮುಚ್ಚಳ ತೆಗೀತೀರಾ? ಇದೂ ಅದೇಯ.” ಒತ್ತಡ ಹೆಚ್ಚಿದರೆ ಕುದಿಯುವ ಬಿಂದುವೂ ಏರುತ್ತದೆ, ಆದ್ದರಿಂದ ಆ ಮುಚ್ಚಳ ಬರೀ ಮುಚ್ಚಳವಲ್ಲ ಎಂಬುದನ್ನು ನಾನು ಅರ್ಧ ಗಂಟೆ ಹೇಳುತ್ತಿದ್ದೆ. ಅವನು ಒಂದೇ ಉಸಿರಿಗೆ ಮುಗಿಸಿದ.

ಇನ್ನು ನಮ್ಮತ್ತೆ. ಸರ್ವಮಂಗಳಳ ತಾಯಿ, ನಮ್ಮ ಜೊತೆಯಲ್ಲೇ ಇದ್ದರು. ಮದುವೆಯಾಗಿ ಮೈಸೂರಿಗೆ ಬಂದ ವರ್ಷದಿಂದ ಪ್ರತಿ ಆಯುಧಪೂಜೆಯ ದಿನ ಸಾವಿರ ಮೆಟ್ಟಿಲು ಹತ್ತಿ ಚಾಮುಂಡಿಯ ದರ್ಶನ ಮಾಡಿದವರು. ಮಂಡಿನೋವು ಬಂದ ಮೇಲೆ ಎರಡು ವರ್ಷ ಹೋಗಲಾಗಿರಲಿಲ್ಲ. ಆ ಎರಡು ವರ್ಷವೂ ಹಬ್ಬದ ದಿನ ಅವರು ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಬೆಟ್ಟದ ಕಡೆ ನೋಡುತ್ತ ಕೂತಿದ್ದರು. ಕಾರಿದೆಯಲ್ಲ ಎಂದರೆ, “ಕೂತ್ಕೊಂಡು ಹೋದ್ರೆ ಅಮ್ಮನೋರು ಒಪ್ತಾರಾ ಅಳಿಯಂದ್ರೇ?” ಎನ್ನುವರು. ನನಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಅವರ ಮನಸ್ಸು ಬದಲಾದದ್ದು ಅರಿಶಿನದಿಂದ. ಮೂರನೆಯ ವರ್ಷ ದಸರೆಯ ಹೊತ್ತಿಗೆ ರೇಡಿಯೇಟರು ಮತ್ತೆ ಸಣ್ಣಗೆ ಜಿನುಗತೊಡಗಿತು. ಮಹದೇವಣ್ಣ ಮನೆಗೇ ಬಂದು ನೋಡಿ, “ಒಂದ್ ಚಮಚ ಅರಿಶಿನ ಕೊಡ್ರವ್ವ” ಎಂದ. ಅತ್ತೆ ತಂದುಕೊಟ್ಟರು. ಅವನು ಅದನ್ನು ನೀರಿಗೆ ಕದಡಿ ರೇಡಿಯೇಟರಿಗೆ ಹುಯ್ದ. ಎಂಜಿನ್ನು ಸ್ವಲ್ಪ ಹೊತ್ತು ಓಡಿತು, ಪುಡಿ ಹೋಗಿ ಸಂದಿನಲ್ಲಿ ಕೂತಿತು, ಜಿನುಗು ನಿಂತಿತು. “ಹಬ್ಬ ಕಳೆಯೋಗಂಟ ತಡೀತದೆ, ಆಮೇಲೆ ತಂದ್ಬುಡಿ” ಎಂದು ಹೇಳಿ ಹೋದ. ಅತ್ತೆ ಕಾರನ್ನು ಬಹಳ ಹೊತ್ತು ನೋಡಿದರು. ಗಾಯಕ್ಕೆ ಅರಿಶಿನ ಹಚ್ಚಿದರೆ ವಾಸಿಯಾಗುವ ಪ್ರಾಣಿ ಅವರಿಗೆ ಅನ್ಯವೆನಿಸಲಿಲ್ಲವೆಂದು ಕಾಣುತ್ತದೆ. ರಾತ್ರಿ ಊಟಕ್ಕೆ ಕೂತಾಗ, “ಈ ಸಲ ಇದರಲ್ಲೇ ಹೋಗೋಣ” ಎಂದರು. ಸರ್ವಮಂಗಳ ಸೌಟು ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದರೊಳಗೆ ಅವಳಮ್ಮನನ್ನು ಮೇಲಕ್ಕೆ ತಲುಪಿಸುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ.

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಅತ್ತೆಯೇ ನಿಂತು ಪೂಜೆ ಮಾಡಿದರು. ಚಕ್ರಕ್ಕೆ ನಿಂಬೆಹಣ್ಣು, ಎರಡು ಕಡೆ ಬಾಳೆಕಂದು, ಬೂದುಗುಂಬಳದ ದೃಷ್ಟಿ. ದೇವರಾಜ ಮಾರುಕಟ್ಟೆಯಿಂದ ಬುಟ್ಟಿಗಟ್ಟಲೆ ಚೆಂಡುಹೂವು ತರಿಸಿ ಹಿಂದಿನ ದಿನವೆಲ್ಲ ತಾವೇ ಕಟ್ಟಿದ್ದ ಹಾರವನ್ನು ಕಾರಿನ ಮುಖಕ್ಕೆ ಅಡ್ಡಡ್ಡ ಸುತ್ತಿಸಿದರು. ಮಣಿಕಟ್ಟಿನಷ್ಟು ದಪ್ಪದ ಹಾರ. ಜಾಲರಿಯ ಒಂದು ಕಣ್ಣೂ ಕಾಣದಂತೆ ಐದು ಸುತ್ತು ಬಂತು. ನಾನು ದೂರ ನಿಂತು, “ಏನು ಲಕ್ಷಣವಾಗಿದೆ!” ಎಂದೆ. ಹಾಗೆ ಅಂದವನು ನಾನೇ, ಭೌತಶಾಸ್ತ್ರದ ಮೇಷ್ಟರು. ಆಮೇಲೆ ಸರ್ವಮಂಗಳಳನ್ನು ಒಬ್ಬಟ್ಟಿನ ಕೆಲಸಕ್ಕೆ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಹೊರಟೆವು. ಅತ್ತೆ ಹೊಸ ಸೀರೆಯುಟ್ಟು, ಪೂಜೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಬಿಸಿ ತೋರಿಸುವ ಮುಳ್ಳು ನಡುವೆ ಇದ್ದರೆ ಕ್ಷೇಮ, ಬಲಕ್ಕೆ ಹೋದರೆ ಅಪಾಯ ಎಂದು ಅವರಿಗೆ ಹೇಳಿಕೊಟ್ಟೆ.

ಬೆಟ್ಟದ ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು. “ಮುಳ್ಳು ಬಲಕ್ಕೆ ಹೋಯ್ತಲ್ಲ ಅಳಿಯಂದ್ರೇ.” ಇನ್ನೆರಡು ತಿರುವು ಏರುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ.

ನಮ್ಮೂರಿನಲ್ಲಿ ಕಾರು ಕೆಡಬಾರದ ದಿನ ವರ್ಷಕ್ಕೆ ಒಂದಿದ್ದರೆ ಅದು ಆಯುಧಪೂಜೆ. ಅಂದು ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವೂ ಕುಂಕುಮ ಇಟ್ಟುಕೊಂಡು ದೇವರ ಮುಂದೆ ಕೂತಿರುತ್ತವೆ. ಅವನ್ನು ಮುಟ್ಟಿ ಕೆಲಸ ಮಾಡುವ ಮೆಕ್ಯಾನಿಕ್ಕು ಊರಲ್ಲಿ ಸಿಗುವುದಿಲ್ಲ. ನನ್ನ ಟೂಲ್ ಪೆಟ್ಟಿಗೆಯೂ ಮನೆಯಲ್ಲಿ ಪೂಜೆಗೆ ಕೂತಿತ್ತು. ಅಂತೂ ಕಾರಿಗೂ ನನಗೂ ನನ್ನ ಪಾಠವೊಂದೇ ಗತಿ.

ಬಾನೆಟ್ ಎತ್ತಿದೆ. ಮುಚ್ಚಳದ ಕಡೆ ಹೋದ ಕೈಯನ್ನು ಹಿಂದೆಳೆದುಕೊಂಡೆ. ಫ್ಯಾನಿನ ಬೆಲ್ಟು ಸರಿಯಾಗಿತ್ತು. ಕೆಳಗೆ ಬಗ್ಗಿ ನೋಡಿದರೆ ಸೋರಿದ ಗುರುತಿಲ್ಲ, ಅರಿಶಿನ ತನ್ನ ಕೆಲಸ ಮಾಡಿತ್ತು. ಹಾಗಾದರೆ ಕುದಿದದ್ದೇಕೆ? ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಅಡುಗೆಮನೆಯಲ್ಲಿ ಸೊಪ್ಪು ಬೆಂದಂಥ ವಾಸನೆ. ಹಾರದ ಹಿಂಬದಿಯ ಹೂವೆಲ್ಲ ಬೆಂದು ಬಾಡಿ ಜಾಲರಿಗೆ ಅಂಟಿಕೊಂಡಿತ್ತು. ಒಂದಿಷ್ಟೂ ಗಾಳಿ ಆಡದಂತೆ ರೇಡಿಯೇಟರಿನ ಮುಖ ಮುಚ್ಚಿಹೋಗಿತ್ತು.

ಗೆದ್ದೆ ಎಂದು ತಿರುಗಿದರೆ ಅತ್ತೆ ಕಾರಿನಿಂದಿಳಿದು ಮೋರಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಕಣ್ಣು ತುಂಬಿತ್ತು.

“ನಾನು ಅವತ್ತೇ ಅಂದಿದ್ನಲ್ಲ. ನಡ್ಕೊಂಡು ಬರ್ದೇ ಇರೋಳು ಅಮ್ಮನೋರಿಗೆ ಬೇಡ. ಮನೆಗೆ ಹೋಗ್ಬುಡೋಣ ನಡೀರಿ.”

ನನ್ನ ಉಬ್ಬಿದ ಎದೆ ಇಳಿದುಹೋಯಿತು. ಸುಮ್ಮನಿದ್ದರೆ ದೇವಿಯೇ ತಮ್ಮನ್ನು ದಾರಿಯಲ್ಲಿ ತಡೆದಳೆಂದು ಅವರು ಇನ್ನೆಂದೂ ಹೊರಡುವುದಿಲ್ಲ. ಕಾರಣ ಹೇಳಿದರೆ ದಿನವಿಡೀ ಬೆರಳು ನೋಯಿಸಿಕೊಂಡು ಕಟ್ಟಿದ ಹಾರವೇ ತಪ್ಪಿತಸ್ಥ ಎಂದು ಹೇಳಿದಂತಾಗುತ್ತದೆ. ಹಬ್ಬದ ದಿನ ಅತ್ತೆಗೆ ಅಂಥ ಮಾತು ಹೇಳುವ ಅಳಿಯನಿಗೆ ಮನೆಯಲ್ಲಿ ಒಬ್ಬಟ್ಟು ಸಿಕ್ಕೀತೇ? ಆದರೆ ಆ ಕಣ್ಣೀರನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಹತ್ತಿರ ಕೂತು ಪಾಠ ಶುರುಮಾಡಿದೆ. ಬಾಣದ ಗುರುತಿಲ್ಲದೆ ನಾನು ಮಾಡಿದ ಮೊದಲ ಪಾಠ ಅದು.

“ಅತ್ತೆ, ಅಮ್ಮನೋರು ಏನೂ ಮಾಡಿಲ್ಲ. ಕಾರು ಉಸಿರಾಡೋದು ಮುಂದಿನ ಜಾಲರಿಯಿಂದ. ಅಲ್ಲಿಂದ ಗಾಳಿ ಹೋದರೇನೇ ಒಳಗಿನ ನೀರು ತಣ್ಣಗಾಗೋದು. ನಾವು ಹೂವು ಸುತ್ತಿದ್ದು ಸರಿಯಾಗಿ ಅದರ ಮೂಗಿನ ಮೇಲೆ. ನೀವು ಕಟ್ಟಿದ್ರಿ, ನಿಜ. ಇಷ್ಟು ಓದಿದ ನಾನು ನಿಂತ್ಕೊಂಡು ಲಕ್ಷಣವಾಗಿದೆ ಅಂದೆನಲ್ಲ, ತಪ್ಪು ನನ್ನದು.”

ಅತ್ತೆ ಎದ್ದು ಹೋಗಿ ಹಾರದ ಹಿಂದೆ ಬೆರಳು ತೂರಿಸಿ, ಬೆಂದ ಹೂವೊಂದನ್ನು ಕಿತ್ತು ನೋಡಿದರು. “ಅಯ್ಯೋ ಶಿವನೇ, ಪಲ್ಯ ಆಗ್ಬುಟ್ಟಿದೆಯಲ್ರೀ!” ಎಂದು ನಗತೊಡಗಿದರು. ಆ ನಗು ಕೇಳಿ ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಇಬ್ಬರೂ ಸೇರಿ ಹಾರ ಬಿಚ್ಚಿ ಮರದ ಬುಡದಲ್ಲಿಟ್ಟೆವು.

“ಇನ್ನು ಹೊರಡೋಣ್ವಾ?”

“ತಣ್ಣಗಾಗೋವರೆಗೂ ಮುಚ್ಚಳ ತೆಗೆಯೋ ಹಾಗಿಲ್ಲ. ಅರ್ಧ ಗಂಟೆ ಕಾಯಬೇಕು.”

ಆಗ ಅವರು ಸುತ್ತ ನೋಡಿದರು. ಹತ್ತು ಹೆಜ್ಜೆ ಮುಂದೆ ಮೆಟ್ಟಿಲ ದಾರಿ ರಸ್ತೆಯನ್ನು ದಾಟಿ ಮೇಲಕ್ಕೆ ಹೋಗುತ್ತಿತ್ತು. ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರುತ್ತಿದ್ದರು. ಅತ್ತೆ ಬುಟ್ಟಿ ಎತ್ತಿಕೊಂಡು ಆ ಕಡೆ ನಡೆದರು. ನಾನು ಓಡಿಹೋಗಿ ತೋಳು ಕೊಟ್ಟೆ. ಒಂದು ಮೆಟ್ಟಿಲು, ಅರಿಶಿನ, ಕುಂಕುಮ, ಸ್ವಲ್ಪ ಸುಧಾರಿಸಿಕೊಳ್ಳುವುದು, ಮತ್ತೊಂದು ಮೆಟ್ಟಿಲು. ಒಂಬತ್ತನೆಯದರ ಮೇಲೆ ಕೂತು ಏದುಸಿರು ಬಿಡುತ್ತ ಊರನ್ನೆಲ್ಲ ನೋಡಿದರು. ಮುಖದಲ್ಲಿ ಬೆವರೂ ನಗುವೂ ಒಟ್ಟಿಗೆ ಇದ್ದವು.

“ಹೂವು ಗಾಳಿ ತಡೀತು, ನೀರು ಕುದೀತು, ಕಾರು ನಿಂತ್ಕೊಂತು. ಅದೆಲ್ಲ ನೀವು ಹೇಳಿದ್ದು ಸರೀನೇ ಅಳಿಯಂದ್ರೇ. ಆದ್ರೆ ಸರಿಯಾಗಿ ಮೆಟ್ಟಿಲ ಹತ್ರಾನೇ ಯಾಕೆ ನಿಂತ್ಕೊಂತು?”

ಕಡಿದಾದ ಏರು, ಎರಡನೆಯ ಗೇರು, ಅಂದಿನ ಬಿಸಿಲು ಎಂದು ಏನೇನೋ ಬಾಯಿಗೆ ಬಂತು. ಅವರ ಕುಂಕುಮದ ಬೆರಳುಗಳನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಅರ್ಧ ಗಂಟೆಯ ಮೇಲೆ ಇಬ್ಬರೂ ಮೆಟ್ಟಿಲಿಳಿದು ಬಂದೆವು. ಡಿಕ್ಕಿಯಲ್ಲಿ ಸದಾ ಇಟ್ಟಿರುತ್ತಿದ್ದ ಕ್ಯಾನಿನ ನೀರು ತುಂಬಿಕೊಂಡು ಹೊರಟ ಕಾರು ಮುಳ್ಳನ್ನು ನಡುವೆಯೇ ಇಟ್ಟುಕೊಂಡು ಬೆಟ್ಟ ಹತ್ತಿತು. ಬಾಗಿಲು ಹಾಕುವ ಮುನ್ನ ದರ್ಶನವೂ ಆಯಿತು.

ಮಾರನೆಯ ವರ್ಷದ ಹೊತ್ತಿಗೆ ಮಹದೇವಣ್ಣ ರೇಡಿಯೇಟರನ್ನು ಹೊಸದರಂತೆ ಮಾಡಿಕೊಟ್ಟಿದ್ದ. ಹಾರ ಈ ಸಲ ಡಿಕ್ಕಿಯ ಮೇಲೆ ಹೋಗಿತ್ತು. ಏರಿನಲ್ಲಿ ಮುಳ್ಳು ಅಲ್ಲಾಡಲಿಲ್ಲ. ಮೆಟ್ಟಿಲ ದಾರಿ ಅಡ್ಡಬರುವ ಜಾಗ ಹತ್ತಿರವಾದಂತೆ ಅತ್ತೆ ಕಿಟಕಿಯಿಂದ ಆ ಕಡೆ ನೋಡತೊಡಗಿದರು, ಬಾಯಿಬಿಟ್ಟು ಏನೂ ಕೇಳಲಿಲ್ಲ. ನಾನು ಪಕ್ಕಕ್ಕೆ ತಂದು ಕಾರು ನಿಲ್ಲಿಸಿದೆ.

“ಯಾಕೋ ಬಿಸಿಯಾಗಿದೆ ಅತ್ತೆ. ಹತ್ತು ನಿಮಿಷ ತಣ್ಣಗಾಗಬೇಕು.”

ಅವರು ನಡುವೆ ನಿಂತಿದ್ದ ಮುಳ್ಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ಹತ್ತು ಸಾಲ್ದು ಅಳಿಯಂದ್ರೇ, ಅರ್ಧ ಗಂಟೆ ಬಿಡಿ” ಎಂದು ಬುಟ್ಟಿ ಎತ್ತಿಕೊಂಡು ಇಳಿದರು.