ಮುಹೂರ್ತ ಕೇಳದ ಸೈರಾಬಾನು

ರೋಣದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯಕ್ಕೆ ಬಂದ ಕಂಪ್ಯೂಟರುಗಳಿಗೆ ಮೂರು ವರ್ಷ ತಪ್ಪದೆ ದಸರೆಯ ಖಂಡೇಪೂಜೆ ಆಯಿತು. ವಿಭೂತಿ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು, ಬೂದುಗುಂಬಳ ಒಡೆದರು. ಸ್ವಿಚ್ ಮಾತ್ರ ಯಾರೂ ಹಾಕಲಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಕುಂಕುಮ ಒಣಗಿ ಉದುರಿತು. ಗ್ಯಾರಂಟಿಯ ಅವಧಿಯೂ ಹೊದಿಕೆಯೊಳಗೇ ಮುಗಿಯಿತು.

ಯಾಕಂದರೆ ಉದ್ಘಾಟನೆ ಆಗಿರಲಿಲ್ಲ. ನಮ್ಮ ಕಡೆ ಜನರ ದುಡ್ಡಿನಲ್ಲಿ ಬಂದ ವಸ್ತು ಏನೇ ಇರಲಿ, ದೊಡ್ಡವರ ಕೈ ತಾಗುವವರೆಗೆ ಅದು ಹುಟ್ಟಿದ ಲೆಕ್ಕಕ್ಕೇ ಇಲ್ಲ. ಬರಬೇಕಾದ ಅತಿಥಿಗಳು ಒಮ್ಮೆ ಚುನಾವಣೆ ಎಂದರು, ಒಮ್ಮೆ ಬೀಗರ ಮನೆಯ ಮದುವೆ ಎಂದರು, ಆಮೇಲೆ ಏನೂ ಅನ್ನುವ ಗೋಜಿಗೂ ಹೋಗಲಿಲ್ಲ.

ಆ ಕೋಣೆಯ ಚಾವಿ ಇದ್ದದ್ದು ಗ್ರಂಥಪಾಲಕಿ ಸೈರಾಬಾನು ಹತ್ತಿರ. ಗಜೇಂದ್ರಗಡದ ನೇಕಾರ ಕಾಶೀಂಸಾಬರ ಮಗಳು. ಧಾರವಾಡದ ಹಾಸ್ಟೆಲಿನ ನೀರುಸಾರು ಉಂಡು ಗ್ರಂಥಾಲಯ ವಿಜ್ಞಾನ ಓದಿದವಳು, ದಿನಾ ಬಸ್ಸಿನಲ್ಲಿ ನಿಂತೇ ರೋಣಕ್ಕೆ ಬರುವವಳು. ನೌಕರಿ ಗುತ್ತಿಗೆಯದು, ವರ್ಷಕ್ಕೊಮ್ಮೆ ನಿರ್ದೇಶಕರ ಸಹಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಆಕೆಯೂ ಬಾಯಿ ಮುಚ್ಚಿಕೊಂಡು ಇದ್ದಳು.

ಈ ಮಳೆಗಾಲ ಪೂಜಾ ಬಂದು ಆ ಬಾಯಿ ಬಿಡಿಸಿದಳು. ಅರ್ಥಶಾಸ್ತ್ರದ ಎಂ.ಎ. ಓದುವ ಹುಡುಗಿ, ನರಗುಂದದ ಕಡೆ ಕೊಣ್ಣೂರು ಸೇತುವೆಯಾಚೆಯ ಹಳ್ಳಿಯವಳು.

“ಮೇಡಂ, ಹೊಳಿ ಏರಾಕತ್ತೈತ್ರಿ. ನಾಳೆ ಇಲ್ಲಾ ನಾಡದು ಪೂಲ್ ಮುಳಗತೈತಿ. ಆಮ್ಯಾಲ ಬರಾಕ ಆಗಂಗಿಲ್ಲ. ಪ್ರಬಂಧಕ್ಕ ಬೇಕಾದ ಲೇಖನ ಒಂದೂ ಸಿಕ್ಕಿಲ್ರಿ. ಸಿಮ್ರಾನಂದ ಆದಂಗ ನಂದೂ ಆಗತೈತಿ.”

ಸಿಮ್ರಾನ ಅದೇ ಊರಿನವಳು. ಹೋದ ಮಳೆಗಾಲ ಪ್ರಬಂಧ ಕೊಡಲಾಗದೆ ವರ್ಷ ಕಳೆದುಕೊಂಡಳು. ಹೊಳೆ ಇಳಿಯುವಷ್ಟರಲ್ಲಿ ಮನೆಯವರು ನಿಕಾ ಗೊತ್ತುಮಾಡಿದ್ದರು.

ಹಾಗಂತ ಲೇಖನಗಳಿಗೆ ಬರವಿರಲಿಲ್ಲ. ವಿಶ್ವವಿದ್ಯಾಲಯ ಸಾವಿರಾರು ಲೇಖನಗಳನ್ನು ತರಿಸಿಟ್ಟಿತ್ತು; ಮನೆಯಲ್ಲಿ ಕೂತು ಮೊಬೈಲಿನಲ್ಲೇ ಓದಬಹುದಿತ್ತು. ಆದರೆ ವಿದ್ಯಾರ್ಥಿಯ ಹೆಸರನ್ನು ಮೊದಲೊಮ್ಮೆ ಗ್ರಂಥಾಲಯದ ಕಂಪ್ಯೂಟರಿನಿಂದಲೇ ಸೇರಿಸಬೇಕು. ಆ ಕಂಪ್ಯೂಟರುಗಳೋ, ಮದುಮಕ್ಕಳಂತೆ ಹಾರ ಹಾಕಿಕೊಂಡು ಕೂತಿದ್ದವು.

ಸೈರಾಬಾನು ನೆಟ್ಟಗೆ ನಿರ್ದೇಶಕ ಪ್ರಭುಲಿಂಗಪ್ಪನವರ ಕೋಣೆಗೆ ಹೋದಳು.

“ಸರ್, ಒಂದ ಮಷೀನರ ಚಾಲೂ ಮಾಡ್ತೀನ್ರಿ.”

“ಉದ್ಘಾಟನೆಕಿಂತ ಮೊದಲ? ಅತಿಥಿಗೊಳಿಗೆ ಎಂಜಲಾ ಬಡಿಸಿದಂಗ ಆಗತೈತಲ್ಲವಾ!”

“ಎಂಜಲಾ ಆಗ್ಲಿ ಬಿಡ್ರಿ. ಹಸದವ್ರರ ಉಣ್ತಾರ.”

“ನಿನ್ನ ಆರ್ಡರ ಸಹಿಗೆ ಬಂದೈತಿ. ನೆನಪೈತಿಲ್ಲ?”

“ನೆನಪೈತ್ರಿ,” ಎಂದು ಹೊರಬಂದು ಸೀದಾ ಹೋಗಿ ಬೀಗ ತೆಗೆದಳು.

ಕಸ ಗುಡಿಸುವ ಗೌರವ್ವ ಬಾಗಿಲಲ್ಲೇ ತಡೆದಳು. “ಅಕ್ಕೋರ, ಮುಹೂರ್ತ ಇಲ್ದ ಮುಟ್ಟಬ್ಯಾಡ್ರಿ. ಕೇಡ ಆಗತೈತಿ.”

“ಕೇಡ ಮೂರು ವರ್ಷದಿಂದ ಆಗಾಕತ್ತೈತಿ ಗೌರವ್ವ. ಆ ಕಡೆ ತುದಿ ಹಿಡಿ.”

ಇಬ್ಬರೂ ಹೊದಿಕೆ ಎಳೆದರು. ಒಳಗೆ ವಾಯರು ಕಡಿದು, ಹಿಕ್ಕೆ ಹಾಕಿ, ಉದ್ಘಾಟನೆಯನ್ನು ಇಲಿಗಳು ಯಾವತ್ತೋ ಮುಗಿಸಿದ್ದವು. ಸೈರಾಬಾನು ಒಂದರ ವಾಯರು ಇನ್ನೊಂದಕ್ಕೆ ಹಾಕಿ, ಒಂದೊಂದನ್ನೇ ಚಾಲು ಮಾಡಿ ನೋಡಿದಳು. ಬಹಳಷ್ಟು ಸತ್ತಿದ್ದವು. ಮೂಲೆಯ ನಾಲ್ಕಾರು ಮಾತ್ರ ಕಣ್ಣು ಬಿಟ್ಟವು.

“ಬೂದಗುಂಬಳ ಪೂರಾ ವ್ಯರ್ಥ ಹೋಗಲಿಲ್ಲ ತಗೋರಿ!” ಎಂದಳು ಗೌರವ್ವ.

ಮೊದಲು ಪೂಜಾಳ ಹೆಸರು ಸೇರಿತು. ಆಮೇಲೆ ಹೊಳೆಸಾಲಿನ ಹುಡುಗಿಯರೆಲ್ಲ ಸಾಲು ಹಚ್ಚಿದರು. ಅವರು ಊರು ಮುಟ್ಟಿದ ಮರುದಿನವೇ ಸೇತುವೆ ಮುಳುಗಿತು. ನೀರು ಊರ ಸುತ್ತ ನಿಂತಿದ್ದಾಗ ಪೂಜಾಳ ಫೋನು ಬಂತು: “ಮೇಡಂ, ತೆರಕೊಂಡ್ತ್ರಿ! ಮಾಳಿಗಿ ಮ್ಯಾಲ ಕುಂತೀನಿ. ಕೆಳಗ ಹೊಳಿ, ಕೈಯಾಗ ಲೇಖನ!”

ಕೋಣೆ ತುಂಬತೊಡಗಿದ ಸುದ್ದಿ ಮೇಲಿನವರೆಗೆ ಹೋಯಿತೋ ಏನೋ, ಬಾರದ ಅತಿಥಿಗಳು ಏಕಾಏಕಿ ತಾರೀಖು ಕೊಟ್ಟರು. ಪ್ರಭುಲಿಂಗಪ್ಪನವರು ತಾವೇ ಇಳಿದು ಬಂದರು.

“ಮತ್ತ ಹೊದಿಕಿ ಹಾಕು. ಬಾಗಿಲಾ ಮುಚ್ಚು. ಹೊಸಾವ ಅನ್ನೂಹಂಗ ಕಾಣಬೇಕು. ಹದಿನೈದ ದಿನದ ಮಾತು.”

“ಹುಡುಗ್ಯಾರು ಏನ್ ಮಾಡಬೇಕ್ರಿ?”

“ಇಷ್ಟ ವರ್ಷ ತಡದಾರ, ಹದಿನೈದ ದಿನಾ ತಡೀಲಾರರೇನ?”

“ತಡದಾಕಿ ಲಗ್ನಾ ಆಗಿ ಹೋದಳ್ರಿ ಸರ್. ನಾ ಮುಚ್ಚಂಗಿಲ್ಲ.”

“ಸಹಿ ನನ್ನ ಕೈಯಾಗೈತಿ!”

“ಚಾವಿ ನನ್ನ ಕೈಯಾಗೈತ್ರಿ.”

ಅವರು ಮುಖ ಕೆಂಪಗೆ ಮಾಡಿಕೊಂಡು ಸುತ್ತ ನೋಡಿದರು. ಓದುತ್ತಿದ್ದ ಹುಡುಗಿಯರು ಯಾರೂ ಎದ್ದು ನಿಲ್ಲಲಿಲ್ಲ.

ಸಮಾರಂಭದ ದಿನ ಜವಾನ ಬಸ್ಯಾ ಕೆಂಪು ಟೇಪು ಹಿಡಿದು ಬಂದ. ಬಾಗಿಲಲ್ಲಿ ಹುಡುಗಿಯರು ಒಳಗೆ ಹೊರಗೆ ಓಡಾಡುತ್ತಿದ್ದರು.

“ಎಲ್ಲಿ ಕಟ್ಟಲ್ರಿ ಮೇಡಂ?”

“ನಿಮ್ಮ ಸಾಹೇಬ್ರ ಕುರ್ಚಿಗೆ ಕಟ್ಟ ಹೋಗು. ಅದೂ ಇನ್ನೂ ಕೆಲಸಾ ಚಾಲೂ ಮಾಡಿಲ್ಲ.”

ಬಸ್ಯಾ ನಗು ನುಂಗಿಕೊಂಡು ಹೋದ. ಅತಿಥಿಗಳು ಕೊನೆಗೆ ಹಳೆಯ ಗೇಟಿಗೆ ಕಟ್ಟಿದ ಟೇಪು ಕತ್ತರಿಸಿ, ಚಪ್ಪಾಳೆ ಹೊಡೆಸಿಕೊಂಡು ಕಾರು ಹತ್ತಿದರು.

ಸೈರಾಬಾನುವಿನ ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಎರಡು ತಿಂಗಳ ಪಗಾರವೂ ಇಲ್ಲ. “ನಾಳೆ ಬರಬ್ಯಾಡ ಅಂದ್ರ ಏನ್ ಮಾಡ್ತೀರಿ ಅಕ್ಕೋರ?” ಎಂದು ಗೌರವ್ವ ಕೇಳಿದಳು.

“ನನ್ನ ಕುರ್ಚಿಯಿಂದ ಎಬ್ಬಸೋರು ಬಂದು ಎಬ್ಬಸಲಿ. ಅದಕ್ಕೂ ಮೊದಲ ಅವರು ಈ ಹುಡುಗ್ಯಾರನ್ನ ಎಬ್ಬಸಬೇಕಾಗತೈತಿ,” ಎಂದು ಆಕೆ ಮುಂದಿನ ಹೆಸರು ಕೂಗಿದಳು.